ಹೆಬ್ಬೆರಳು ದಾರಿ ಬದಲಿಸಿದ್ದು

ಕಿರ್ಗಿಜ್ ನಾಡಿನ ನರಿನ್ ಪಟ್ಟಣದಲ್ಲಿ ವಾರಕ್ಕೆರಡು ಸಲ ಹೊರಡುವ ಪತ್ರಿಕೆಯ ಪುಟಗಳನ್ನು ಇಪ್ಪತ್ತೆರಡು ವರ್ಷಗಳಿಂದ ಕಟ್ಟುತ್ತಿದ್ದವಳು ಅಸಿಪಾ. ಮದುವೆಯ ಶುಭಾಶಯ, ಕಳೆದುಹೋದ ಕುದುರೆಯ ಪ್ರಕಟಣೆ, ಸಾವಿನ ಮನೆಗೆ ಹೇಳುವ ಸಾಂತ್ವನ, ಎಲ್ಲವೂ ಅವಳ ಕೈ ದಾಟಿಯೇ ಅಚ್ಚಿಗೆ ಹೋಗಬೇಕು. ಕೀಬೋರ್ಡಿನ ಕಡೆ ಅವಳು ಕಣ್ಣು ಹಾಯಿಸಿದ್ದೇ ಇಲ್ಲ. ಮೂಲೆಯ ಕಂಟ್ರೋಲ್ ಕೀಲಿಯ ಮೇಲೆ ಕೂತೂ ಕೂತೂ ಎಡಗೈ ಕಿರುಬೆರಳು ತುಸು ಹೊರಕ್ಕೆ ಬಾಗಿಕೊಂಡಿತ್ತು.

ಜನವರಿಯ ಕೊನೆಗೆ ಸಂಪಾದಕ ಕುಬಾನಿಚ್ ಹೊಸ ಕಂಪ್ಯೂಟರುಗಳನ್ನು ತರಿಸಿದ. ಯಾವುದೋ ಸಂಸ್ಥೆ ಪುಕ್ಕಟೆ ಕೊಟ್ಟಿದ್ದು. ನೋಡಲು ಲಕ್ಷಣವಾಗಿದ್ದವು, ಆದರೆ ಒಳಗಿನ ಆಪರೇಟಿಂಗ್ ಸಿಸ್ಟಮ್ಮೇ ಬೇರೆ. ಹಳೆಯವು ಅದೇ ಸಂಜೆ ಊರಿನ ಶಾಲೆ ಸೇರಿದವು.

“ಒಂದು ವಾರ ಕಷ್ಟ ಆಗುತ್ತೆ ಎಜೆ. ಆಮೇಲೆ ಹಳೇದು ನೆನಪಿಗೂ ಬರಲ್ಲ” ಎಂದ ಕುಬಾನಿಚ್. ಅವನಿಗೆ ಮೂವತ್ತಾರು, ಅವಳಿಗೆ ಐವತ್ತಾರು. ಹಿರಿಯ ಹೆಂಗಸರನ್ನು ಎಲ್ಲರೂ ಅಕ್ಕ ಎಂದು ಕರೆಯುವಂತೆ ಅವನೂ ಅವಳನ್ನು ಎಜೆ ಎನ್ನುತ್ತಿದ್ದ.

ವಾರ ಕಳೆಯಿತು, ಕಷ್ಟ ಕಳೆಯಲಿಲ್ಲ. ಮೊದಲು ಕಿರುಬೆರಳು ಮಾಡುತ್ತಿದ್ದ ಕೆಲಸವನ್ನೆಲ್ಲ ಈಗ ಹೆಬ್ಬೆರಳು ಮಾಡಬೇಕಿತ್ತು. ನಕಲು ಮಾಡಲು, ಅಂಟಿಸಲು, ತಪ್ಪನ್ನು ಹಿಂದಕ್ಕೆ ಪಡೆಯಲು, ಎಲ್ಲಕ್ಕೂ ಸ್ಪೇಸ್ ಪಟ್ಟಿಯ ಪಕ್ಕದಲ್ಲಿರುವ ಇನ್ನೊಂದು ಕೀಲಿ. ಕಿರ್ಗಿಜ್ ಭಾಷೆಯಿಂದ ರಷ್ಯನ್‌ಗೆ ಹೋಗಲು ಒತ್ತುತ್ತಿದ್ದ ಜೋಡಿ ಕೀಲಿ ಈಗ ಏನೂ ಮಾಡುತ್ತಿರಲಿಲ್ಲ. ಸಾಲಿನ ಕೊನೆಗೆ ಹೋಗೋಣವೆಂದರೆ ಬರಹದ ಕೊನೆಗೇ ಹಾರಿಬಿಡುತ್ತಿತ್ತು. ಒಂದು ಹಾಳೆಯ ಮೇಲೆ ಹೊಸ ಕೀಲಿಗಳನ್ನೆಲ್ಲ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡಳು. ಹಾಳೆ ನೋಡುವುದು, ಕೀಲಿ ಹುಡುಕುವುದು, ಮತ್ತೆ ಪರದೆ ನೋಡುವುದು. ಮಧ್ಯಾಹ್ನದ ಹೊತ್ತಿಗೆ ಕತ್ತು ಮರಗಟ್ಟುತ್ತಿತ್ತು. ಮನೆಗೆ ಹೋದರೆ ಹಿಟ್ಟು ನಾದಲೂ ಬೇಸರ, ಗಂಡನ ಮಾತಿಗೆ ಉತ್ತರ ಕೊಡಲೂ ಬೇಸರ.

ಪಕ್ಕದ ಮೇಜಿನಲ್ಲಿ ಕರಡು ತಿದ್ದುವ ಕೆನ್ಜೆಕಾನ್ ಕೂರುತ್ತಿದ್ದಳು. ಅವಳಿಗೆ ಅರವತ್ತೊಂದು, ಕೈಯಲ್ಲಿ ಪೆನ್ನು ಮಾತ್ರ. “ನೋಡು, ನನ್ನ ಕೆಂಪು ಪೆನ್ನಿಗೆ ನಲವತ್ತು ವರ್ಷದಿಂದ ಅದೇ ಒಂದು ಮೂತಿ” ಎಂದು ರೇಗಿಸಿ, ಹಾಲು ಹಾಕಿದ ಚಹಾವನ್ನು ಅವಳತ್ತ ಸರಿಸುತ್ತಿದ್ದಳು. ಅಸಿಪಾಳಿಗೆ ನಗುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಮೂರನೆಯ ವಾರ ಒಬ್ಬ ಹಳೆಯ ಗಣಿತದ ಮೇಷ್ಟ್ರು ತೀರಿಕೊಂಡರು. ಅವರ ಶಿಷ್ಯರು ಸಾಂತ್ವನದ ಪ್ರಕಟಣೆ ಕೊಟ್ಟರು; ಕೆಳಗೆ ಎಪ್ಪತ್ತು ಹೆಸರು, ಎಲ್ಲವೂ ಕೈಬರಹ. ಅಸಿಪಾ ಬೆಳಗಿನಿಂದ ಒಂದೊಂದೇ ಹೆಸರು ಟೈಪ್ ಮಾಡಿದಳು. ನಾಲ್ಕು ಹೆಸರಿಗೊಮ್ಮೆ ಬರಹವನ್ನು ಉಳಿಸುವುದು ಅವಳ ಅಭ್ಯಾಸ. ಕೈ ತಾನಾಗಿಯೇ ಮೂಲೆಗೆ ಹೋಗಿ ಒತ್ತಿ ಬರುತ್ತಿತ್ತು. ಹನ್ನೊಂದೂವರೆಗೆ ಕರೆಂಟು ಹೋಯಿತು. ಚಳಿಗಾಲದಲ್ಲಿ ಅದೇನು ಹೊಸದಲ್ಲ. ತಿರುಗಿ ಬಂದಾಗ ಹಿಂದಿನ ಸಂಜೆ ಹಾಕಿಟ್ಟಿದ್ದ ಶೀರ್ಷಿಕೆ ಮಾತ್ರ ಇತ್ತು, ಹೆಸರುಗಳಿರಲಿಲ್ಲ. ಬೆಳಗಿನಿಂದ ಅವಳು ಒತ್ತಿದ್ದೆಲ್ಲ ಹಳೆಯ ಕೀಲಿ. ಹೊಸ ಕಂಪ್ಯೂಟರು ಒಂದು ಹೆಸರನ್ನೂ ಉಳಿಸಿಕೊಂಡಿರಲಿಲ್ಲ.

ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಹೆಸರುಗಳ ಹಾಳೆಯನ್ನೂ ಪುಟದ ಉಳಿದ ಸುದ್ದಿಗಳನ್ನು ತುಂಬಿಕೊಂಡ ಪೆನ್ ಡ್ರೈವನ್ನೂ ಕೋಟಿನ ಜೇಬಿಗೆ ಹಾಕಿಕೊಂಡಳು. ಊಟಕ್ಕೆ ಹೋಗಿ ಬರುತ್ತೇನೆಂದು ಕೆನ್ಜೆಕಾನ್‌ಗೆ ಸುಳ್ಳು ಹೇಳಿ, ಹಿಮ ತುಳಿಯುತ್ತ ಶಾಲೆಗೆ ನಡೆದಳು.

ಅಲ್ಲಿ ಕಂಪ್ಯೂಟರ್ ಕಲಿಸುವ ಜುಮಾಗುಲ್ ಅವಳ ಜೊತೆ ಓದಿದವಳು. ಎರಡು ಗಂಟೆ ತನ್ನ ಹಳೆಯ ಕಂಪ್ಯೂಟರಿನ ಮುಂದೆ ಕೂರಲು ಬಿಡು ಎಂದು ಅಸಿಪಾ ಕೇಳಿಕೊಂಡಳು. ಒಂಬತ್ತನೆಯ ತರಗತಿ ವ್ಯಾಯಾಮಕ್ಕೆ ಹೋಗಿತ್ತು, ಕೋಣೆ ಖಾಲಿ. ಮೂರನೆಯ ಸಾಲಿನಲ್ಲಿ ಆ ಕಂಪ್ಯೂಟರು ಕಂಡೊಡನೆ ಅವಳಿಗೆ ಗುರುತು ಹತ್ತಿತು. ಕುರ್ಚಿ ಎಳೆದುಕೊಂಡು ಕೂತು ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟಳು.

ಮೊದಲ ಹೆಸರು ಟೈಪ್ ಮಾಡಿದಳು. ಅದೇ ಮನೆತನದ ಹೆಸರು ಕೆಳಗಿನ ಇಬ್ಬರಿಗೂ ಇತ್ತು, ನಕಲು ಮಾಡೋಣವೆಂದು ಒತ್ತಿದಳು. ನಕಲು ಆಗಲಿಲ್ಲ. ಮತ್ತೊಮ್ಮೆ ಒತ್ತಿದಳು, ಮೇಲಿನ ಪಟ್ಟಿಯಲ್ಲಿ ಏನೋ ಮಿನುಗಿತಷ್ಟೆ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ತಲೆ ಬಗ್ಗಿಸಿ ಆ ಕೀಬೋರ್ಡನ್ನು ನೋಡಿದಳು. ಅವಳ ಹೆಬ್ಬೆರಳು ಸ್ಪೇಸ್ ಪಟ್ಟಿಯ ಪಕ್ಕದ ಕೀಲಿಯ ಮೇಲಿತ್ತು. ಕಿರುಬೆರಳು ಗಾಳಿಯಲ್ಲಿ ನಿಂತಿತ್ತು.

ಬೆಳಗ್ಗೆ ತಾನೇ ಅಲ್ಲಿ ಹಳೆಯ ದಾರಿ ಹಿಡಿದಿದ್ದ ಕೈ ಇಲ್ಲಿ ಹೊಸ ದಾರಿ ಹಿಡಿಯುತ್ತಿತ್ತು. ಎಲ್ಲಿ ಬೇಕೋ ಅಲ್ಲಿ ಅದಕ್ಕೆ ಬೇಕಾದ್ದು ನೆನಪಿರಲಿಲ್ಲ. ಅಸಿಪಾ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

“ಏನಾಯ್ತೇ?” ಎಂದಳು ಜುಮಾಗುಲ್.

“ಅದು ಇನ್ನೂ ಬಂದಿಲ್ಲ, ಇದು ಹೊರಟುಹೋಗಿದೆ.”

ಜುಮಾಗುಲ್ ಪಕ್ಕದ ಬೆಂಚಿನ ಮೇಲೆ ಕೂತಳು. “ಮದುವೆಯಾದ ವರ್ಷ ತವರಿಗೆ ಹೋಗಿದ್ದೆ. ನಮ್ಮಮ್ಮ ಉಪ್ಪು ಕೊಡೇ ಅಂದ್ರು. ಎಲ್ಲಿಟ್ಟಿರ್ತಾರೆ ಅಂತಾನೇ ಹೊಳೀಲಿಲ್ಲ. ಅತ್ತೆ ಮನೇಲೂ ಆಗಿನ್ನೂ ಹುಡುಕ್ತಾನೇ ಇದ್ದೆ. ಆ ದಿನ ನಾನು ಅತ್ತಹಾಗೆ ಮದುವೆ ದಿನಾನೂ ಅತ್ತಿರಲಿಲ್ಲ.”

“ಆಮೇಲೆ?”

“ಆಮೇಲೇನು. ಸುಸ್ತಾಗೋಯ್ತು, ಸುಮ್ಮನಾದೆ. ಯಾವಾಗ ಅಭ್ಯಾಸ ಆಯ್ತೋ ಗೊತ್ತಿಲ್ಲ.”

ಗಂಟೆ ಹೊಡೆಯಿತು. ಮಕ್ಕಳು ಒಳನುಗ್ಗುವ ಮೊದಲೇ ಅಸಿಪಾ ಹೊರಬಿದ್ದಳು.

ಕಚೇರಿಯಲ್ಲಿ ಕೋಟು ಬಿಚ್ಚದೆ ನೇರ ಕುಬಾನಿಚ್‌ನ ಕೋಣೆಗೆ ಹೋದಳು. ಮೂರು ವಾರಗಳಿಂದ ಅವನು ಕೇಳಿದಾಗಲೆಲ್ಲ ‘ಪರವಾಗಿಲ್ಲ’ ಎನ್ನುತ್ತಿದ್ದವಳು ಇಂದು ಹಾಗೆನ್ನಲಿಲ್ಲ.

“ನಂಗೆ ಸುಸ್ತಾಗಿದೆ ಕುಬಾನಿಚ್. ಎಂಟು ಪುಟ ಆಗಲ್ಲ. ಎರಡು ತಿಂಗಳು ನಾಲ್ಕೇ ಪುಟ ಕೊಡು, ಉಳಿದಿದ್ದು ನೀನೇ ಕಟ್ಟು. ನಿಂಗೆ ಈ ಕೀಲಿಗಳೆಲ್ಲ ಬರುತ್ತಲ್ಲ.”

ಕುಬಾನಿಚ್ ಕಿಟಕಿ ನೋಡಿದ, ಗಲ್ಲ ಕೆರೆದುಕೊಂಡ. ಮೊದಲೇ ಹೇಳಬಾರದಿತ್ತೇ ಎಂದು ಗೊಣಗಿ, ಎರಡಕ್ಕೆ ಒಪ್ಪದೆ ಒಂದು ತಿಂಗಳಿಗೆ ಒಪ್ಪಿದ.

ಆ ಸಂಜೆ ಕೆನ್ಜೆಕಾನ್ ಹೆಸರುಗಳನ್ನು ಓದಿ ಹೇಳಿದಳು, ಅಸಿಪಾ ಟೈಪ್ ಮಾಡಿದಳು. ಎಪ್ಪತ್ತರಲ್ಲಿ ಆರು ಸಲ ಹಳೆಯ ಕೀಲಿಯನ್ನೇ ಒತ್ತಿದಳು. ಪ್ರತಿ ಸಲವೂ ಕೆನ್ಜೆಕಾನ್ ಪೆನ್ನಿನ ಹಿಂಬದಿಯಿಂದ ಅವಳ ಕಿರುಬೆರಳಿಗೆ ಮೆಲ್ಲಗೆ ತಟ್ಟಿದಳು. ಪುಟ ಅಚ್ಚಿಗೆ ಹೋದಾಗ ಆರೂಮುಕ್ಕಾಲು. ಮನೆಗೆ ಹೋಗುವ ವ್ಯಾನಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ ಅಸಿಪಾ ತನ್ನ ನಿಲ್ದಾಣ ದಾಟಿ ಮುಂದಿನದರಲ್ಲಿ ಇಳಿದಳು.

ಮಾರ್ಚಿನ ಕೊನೆಗೆ ಎಂಟೂ ಪುಟ ಮತ್ತೆ ಅವಳ ಕೈಗೆ ಬಂದವು. ಯಾವ ದಿನದಿಂದ ಕೈ ತಪ್ಪುವುದು ನಿಂತಿತೆಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಖುಷಿಯೇನೂ ಆಗಲಿಲ್ಲ. ಸಂಜೆ ಮನೆಗೆ ಬಂದು ಹಿಟ್ಟು ನಾದುವಷ್ಟು ಶಕ್ತಿ ಮಾತ್ರ ಉಳಿಯತೊಡಗಿತ್ತು.