ಮುಂಗೈಗೆ ಕೊಟ್ಟ ಮುತ್ತು

ಒಂದು ಕಾದಂಬರಿ ಮೊದಲು ನಾಟಕವಾಗಿ ರಂಗಕ್ಕೆ ಬಂದಿತ್ತು. ಹುಡುಗಿಯ ಬೆನ್ನು ಬಿಡದೆ ಅವಳ ಕಿಟಕಿಯ ಕೆಳಗೇ ಕಾಲ ಕಳೆಯುವ ಪ್ರೇಮಿಯ ಪಾತ್ರ ಇವಳ ಗಂಡನದು. ಅವನನ್ನು ಕಂಡು ಜನ ಕೂತಲ್ಲೇ ಮುದುಡುತ್ತಿದ್ದರು. ಅದೇ ಕಥೆ ಸಿನಿಮಾ ಆದಾಗ ಪ್ರೇಮಿಗೆ ಬೇರೊಬ್ಬನ ಚಂದದ ಮುಖ ಬಂತು, ಹಿನ್ನೆಲೆಗೆ ಪಿಟೀಲು ಬಂತು, ಕೊನೆಗೆ ಮದುವೆಯೂ ಆಯಿತು. ಗಂಡನಿಗೆ ಉಳಿದದ್ದು ಸ್ಟುಡಿಯೋದಲ್ಲಿ ಆ ಮುಖಕ್ಕೆ ದನಿ ಕೊಡುವ ಕೆಲಸ.

ಹೆಂಡತಿಗೂ ಅದೇ ಸ್ಟುಡಿಯೋದಲ್ಲಿ ಕೆಲಸ. ತೆರೆಯ ಮೇಲಿನವರ ಹೆಜ್ಜೆ, ಬಟ್ಟೆಯ ಸರಬರ, ಬಾಗಿಲ ಕಿರ್ರೆನ್ನುವ ಸದ್ದು ಎಲ್ಲ ಅವಳ ಕೈಕಾಲಿನಿಂದಲೇ ಹುಟ್ಟಬೇಕು. ನಾಯಕ ನಾಯಕಿಗೆ ಕೊಟ್ಟ ಮುತ್ತಿನ ಸದ್ದನ್ನು ತನ್ನ ಮುಂಗೈಗೆ ತಾನೇ ತುಟಿಯೊತ್ತಿ ಮಾಡಿದ್ದಳು. ನಾಯಕಿಯ ದನಿ ಮಾತ್ರ ಇನ್ನೊಬ್ಬಳದು. ಆ ಹುಡುಗಿಯನ್ನು ಎಲ್ಲರೂ ಸಕ್ಕರೆ ಎಂದೇ ಕರೆಯುತ್ತಿದ್ದರು, ಗಂಡನೂ. ಅದು ಕಿವಿಗೆ ಬಿದ್ದಾಗಲೆಲ್ಲ ಇವಳ ಹೊಟ್ಟೆ ಉರಿಯುತ್ತಿತ್ತು.

ದನಿ ಕೊಡುವವರು ಒಬ್ಬೊಬ್ಬರಾಗಿ ಬರುವುದು ಅಲ್ಲಿನ ಪದ್ಧತಿ. ಒಬ್ಬರು ಮೈಕಿನ ಮುಂದಿದ್ದರೆ ಇನ್ನೊಬ್ಬರು ಒಳಗೆ ಇರುವಂತಿಲ್ಲ. ಇವಳಿಗೆ ನಂಬಿಕೆ ಬರಲಿಲ್ಲ. ಗಂಡನ ಸರದಿಯ ದಿನ ಮೊದಲೇ ಒಳಹೊಕ್ಕು, ಗೋಡೆಗೆ ಇಳಿಬಿಟ್ಟ ದಪ್ಪ ಪರದೆಯ ಹಿಂದೆ ನಿಂತಳು. ಸಕ್ಕರೆ ಬರಲಿಲ್ಲ. ಆದರೆ ಖಾಲಿ ಕೋಣೆಯಲ್ಲಿ ಗಂಡ, "ನೀನೆಲ್ಲೇ ಇರು, ನಾನು ನೋಡ್ತಾನೇ ಇರ್ತೀನಿ," ಎಂದ ರೀತಿಗೆ ಇವಳು ಪರದೆಯ ಅಂಚನ್ನು ಹಿಡಿದುಕೊಂಡಳು. ಮನೆಯಲ್ಲಿ ಆ ದನಿ ಅವಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಮರುದಿನ ಅದೇ ಮಾತನ್ನು ಅವನಿಂದ ಮತ್ತೆ ಹೇಳಿಸಿದರು. ಇವಳಿಗೆ ಬೇರೆ ಕೋಣೆಯಲ್ಲಿ ಕೆಲಸವಿತ್ತು; ಕಾವಲು ತಪ್ಪಿತು.

ಕೆಲವು ದಿನ ಕಳೆದು, ಆ ದೃಶ್ಯಕ್ಕೆ ಹೆಜ್ಜೆ ಸದ್ದು ಕೂಡಿಸಲು ಹೆಡ್‌ಫೋನ್ ಹಾಕಿಕೊಂಡವಳು ಅಲ್ಲೇ ಕಲ್ಲಾದಳು. ಗಂಡನ ಮಾತಿನ ಅಡಿಯಲ್ಲಿ ಇನ್ನೊಂದು ಉಸಿರು. ಹೆಣ್ಣಿನದು. ಬಿಗಿಹಿಡಿದು, ತಡೆಯಲಾರದೆ ಬಿಟ್ಟದ್ದು. ಎರಡನೇ ದಿನದ್ದೇ ಇರಬೇಕು ಎಂದುಕೊಂಡಳು.

ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಆದರೂ ಆವತ್ತು ಗಂಡನನ್ನು ಕರೆಸಿದಳು; ಸೌಂಡ್ ನೋಡಿಕೊಳ್ಳುವ ಕಿವಿಯಣ್ಣನಿಗೆ ಎಲ್ಲರಿಗೂ ಕೇಳುವಂತೆ ಹಾಕಲು ಹೇಳಿದಳು.

"ಸಕ್ಕರೇನ ಪಕ್ಕದಲ್ಲೇ ಕೂರಿಸ್ಕೊಂಡಿದ್ರಾ?" ಎಂದು ಗಂಡನನ್ನು ಕೇಳಿದಳು.

ಗಂಡ ಕಕ್ಕಾಬಿಕ್ಕಿಯಾದ. ಕಿವಿಯಣ್ಣನೇ ಬಾಯಿ ಹಾಕಿದ. "ಅತ್ತಿಗೆ, ಇದು ಮೊದಲನೇ ದಿನದ್ದು. ಎರಡನೇದು ಸಪ್ಪೆ ಅಂತ ಬಿಟ್ವಿ. ಮೊದಲನೇ ದಿನ ಆ ಹುಡುಗಿ ಊರಲ್ಲೇ ಇರ್ಲಿಲ್ಲ. ಒಳಗೆ ದೆವ್ವಗಿವ್ವ ಇತ್ತೋ ಏನೋ."

ಅವಳ ಮುಖ ಬಿಳಿಚಿಕೊಂಡಿತು. ಗಂಡ ಅವಳನ್ನು ನೋಡಿದ, ಗಾಜಿನಾಚೆ ಮೈಕಿನ ಕೋಣೆಯ ಪರದೆಯನ್ನು ನೋಡಿದ. ಆ ಉಸಿರು ಯಾರದೆಂದು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಎಷ್ಟು ಹೊತ್ತು ನಿಂತಿದ್ದೆ?"

"ನೀವು ಬರೋಕೆ ಮುಂಚೆಯಿಂದ."

ಉಸಿರು ಬೆರೆತ ಮಾತು ಸಿನಿಮಾಕ್ಕೆ ಆಗುವುದಿಲ್ಲ, ಮತ್ತೆ ಹೇಳಲೇಬೇಕು. ಗಂಡ ಒಳಗೆ ಹೋದ. ಮೊದಲು ಪರದೆ ಸರಿಸಿ ಹಿಂದೆ ನೋಡಿದ, ಆಮೇಲೆ ಮೈಕಿನ ಮುಂದೆ ನಿಂತ. ಹೇಳಿದ. ಮತ್ತೆ ಹೇಳಿದ.

ಕಿವಿಯಣ್ಣ ತಲೆ ಕೆರೆದುಕೊಂಡ. "ಅಣ್ಣಾ, ನೀವು ಹೆದರಿಸ್ಬೇಕು. ಹೆದರ್ಕೊಂಡವರ ಥರ ಕೇಳ್ತಿದೆ."

ಗಾಜಿನ ಈಚೆ ಕೂತವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೆ ಮನಸ್ಸು ಬೇರೆಯೇ ಲೆಕ್ಕ ಹಾಕುತ್ತಿತ್ತು. ಸಕ್ಕರೆ ಊರಲ್ಲಿರಲಿಲ್ಲ, ಸರಿ. ಹಾಗಾದರೆ ಆವತ್ತು ಅಷ್ಟು ಚೆನ್ನಾಗಿ ಬಂದ ಮಾತು ಯಾರನ್ನು ನೆನೆದು ಬಂದದ್ದು?

"ಹಳೇದನ್ನ ಅಳಿಸ್ಬೇಡಿ," ಎಂದು ಕಿವಿಯಣ್ಣನಿಗೆ ಮೆಲ್ಲಗೆ ಹೇಳಿ, ಅವಳು ಹೆಡ್‌ಫೋನನ್ನು ಮತ್ತೆ ಕಿವಿಗೆ ಏರಿಸಿಕೊಂಡಳು. "ಇನ್ನೊಂದ್ಸಲ ಹಾಕಿ."