ಇಬ್ಬರು ದುರ್ಗಪ್ಪರು ಮತ್ತು ನಾನು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹದಿನೆಂಟು ನಿಮಿಷಕ್ಕೆ, ಮೈಸೂರಿನ ಸರಸ್ವತಿಪುರದ ಎರಡು ಕೋಣೆಯ ಕಚೇರಿಯೊಂದರಲ್ಲಿ ನಾನು ಹುಟ್ಟಿದೆ.

ನಾನು ಒಂದು ಡಿಸ್ಕ್ ಇಮೇಜ್. ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹೊತ್ತೊಯ್ಯುವ ಫೈಲು. ಕೈಗೆ ಸಿಗುವ ಮೈ ನನಗಿಲ್ಲ. ಮೊಹರು ಹಾಕಿದ ಪೆಟ್ಟಿಗೆ ಎಂದುಕೊಳ್ಳಿ. ಎರಡು ಸಲ ಕ್ಲಿಕ್ ಮಾಡಿದರೆ ಮುಚ್ಚಳ ತೆರೆದು ಪರದೆಯ ಮೇಲೆ ಪುಟ್ಟ ಕಿಟಕಿ ಮೂಡುತ್ತದೆ. ಎಡಕ್ಕೆ ಸಾಫ್ಟ್‌ವೇರ್, ಬಲಕ್ಕೆ ಅಪ್ಲಿಕೇಶನ್ಸ್ ಎಂಬ ಫೋಲ್ಡರು, ನಡುವೆ ಒಂದು ಬಾಣ. ಇದನ್ನು ಎಳೆದು ಅದರಲ್ಲಿ ಹಾಕಿ ಎಂಬುದು ಬಾಣದ ಅರ್ಥ. ಹಾಕಿದ ಮೇಲೆ ನನ್ನನ್ನು ಮುಚ್ಚಿ ಕಸದ ಬುಟ್ಟಿಗೆ ಎಸೆಯಬಹುದು. ನಮ್ಮ ಕುಲದವರ ಆಯುಸ್ಸು ಸಾಮಾನ್ಯವಾಗಿ ಅಷ್ಟೇ.

ನನ್ನನ್ನು ಮಾಡಿದವರು ವಸುಧಾ ಉಡುಪ. ಕನ್ನಡ ಪತ್ರಿಕೆಗಳ ಪುಟ ಕಟ್ಟುವ 'ಪುಟಗಾರ' ಎಂಬ ಸಾಫ್ಟ್‌ವೇರ್ ಅವರದು. ಅದರ ಹೊಸ ಆವೃತ್ತಿಯನ್ನು ನನ್ನೊಳಗೆ ಇಟ್ಟು ಮುಚ್ಚಿದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ನನ್ನ ಇಡೀ ಮೈಯನ್ನು ಲೆಕ್ಕಕ್ಕೆ ಹಾಕಿ ಒಂದು ಸಾಲು ತೆಗೆದರು. ಅಂಕಿಗಳೂ ಇಂಗ್ಲಿಷಿನ ಮೊದಲ ಆರು ಅಕ್ಷರಗಳೂ ಬೆರೆತ, ಅರವತ್ನಾಲ್ಕು ಸ್ಥಾನಗಳ ಸಾಲು. ಅದಕ್ಕೆ ಚೆಕ್‌ಸಮ್ ಎನ್ನುತ್ತಾರೆ. ನನ್ನಲ್ಲಿ ಒಂದೇ ಒಂದು ಚುಕ್ಕೆಯಷ್ಟು ವ್ಯತ್ಯಾಸವಾದರೂ ಆ ಸಾಲು ಪೂರ್ತಿ ಬೇರೆಯೇ ಆಗುತ್ತದೆ. ಮನುಷ್ಯರಿಗೆ ಬೆರಳಚ್ಚು ಇದ್ದಂತೆ ನನಗೆ ಅದು.

ಇನ್ನೊಂದು ಮಾತು. ನಮ್ಮಲ್ಲಿ ಅಸಲು, ನಕಲು ಎಂಬ ಭೇದವಿಲ್ಲ. ಒಂದು ಅಣುವೂ ತಪ್ಪದೆ ನಕಲಾದರೆ ಅದೂ ನಾನೇ. ತಪ್ಪಿದರೆ, ನನ್ನ ಹೆಸರು ಹೊತ್ತಿದ್ದರೂ ಅದು ನಾನಲ್ಲ.

ಇದು ಎಷ್ಟು ದೊಡ್ಡ ಮಾತೆಂದು ನನಗೆ ತಿಳಿದದ್ದು ಗುರುವಾರ, ಗದಗಿನಲ್ಲಿ.

ಗದಗ ಅಚ್ಚುಕೂಟಗಳ ಊರು. ಅಲ್ಲಿಂದ 'ಸಂಜೆ ಡಂಗುರ' ಎಂಬ ನಾಲ್ಕು ಪುಟದ ಪತ್ರಿಕೆ ಹೊರಡುತ್ತದೆ. ಮಧ್ಯಾಹ್ನ ಎರಡೂವರೆಗೆ ಪುಟಗಳು ಅಚ್ಚಿಗೆ ಹೋಗಬೇಕು, ನಾಲ್ಕಕ್ಕೆ ಬಸ್ ನಿಲ್ದಾಣದಲ್ಲಿ ಇರಬೇಕು. ಬುಧವಾರ ಅಲ್ಲಿ ಎರಡು ಅನಾಹುತಗಳಾಗಿದ್ದವು. ಸಂಚಿಕೆ ಹೊರಬಿದ್ದ ಮೇಲೆ ಪುಟ ಕಟ್ಟುವ ಹಳೆಯ ಮ್ಯಾಕ್ ನಿಂತುಹೋಗಿತ್ತು. ಅದಕ್ಕಿಂತ ದೊಡ್ಡದು, ನಿಧನ ವಾರ್ತೆಯಲ್ಲಿ ಬದುಕಿದ್ದವರ ಫೋಟೊ ಅಚ್ಚಾಗಿತ್ತು.

ತೀರಿಕೊಂಡವರು ಬೆಟಗೇರಿಯ ದುರ್ಗಪ್ಪ ಭಜಂತ್ರಿ, ರೈಲ್ವೆಯ ನಿವೃತ್ತ ಗ್ಯಾಂಗ್‌ಮನ್. ಪತ್ರಿಕೆಯ ಹಳೆಯ ಕಡತದಲ್ಲಿ ಆ ಹೆಸರಿಗೆ ಸಿಕ್ಕ ಫೋಟೊ ಗದಗಿನ ದುರ್ಗಪ್ಪ ಭಜಂತ್ರಿಯವರದು. ಇವರು ಬ್ಯಾಂಡ್ ಮಾಸ್ತರರು, ಕ್ಲಾರ್ನೆಟ್ ನುಡಿಸುವವರು. ಗುರುವಾರ ಬೆಳಿಗ್ಗೆ ರೋಣದಿಂದ ಅಳುತ್ತ ಬಂದ ತಂಗಿಗೆ ಬಾಗಿಲು ತೆರೆದವರು ಅವರೇ. ತಂಗಿಯ ಅಳು ನಿಂತಿತು, ಫೋನುಗಳು ನಿಲ್ಲಲಿಲ್ಲ. ಮದುವೆಯ ದಿನಗಳು. ನರೇಗಲ್ಲಿನ ಬೀಗರು ಆಗಲೇ ಕೊಪ್ಪಳದ ಬ್ಯಾಂಡಿಗೆ ಎಲೆಅಡಿಕೆ ಕೊಟ್ಟು ಗೊತ್ತುಮಾಡಿದ್ದರು. ಮಾಸ್ತರರಿಲ್ಲದ ಮೇಲೆ ಮೇಳ ಎಲ್ಲಿಯದು ಎಂಬುದು ಅವರ ಮಾತು. ಲಕ್ಕುಂಡಿಯ ಮದುವೆಯವರು ಸಂಜೆಯವರೆಗೆ ನೋಡುತ್ತೇವೆ ಎಂದಿದ್ದರು.

ದುರ್ಗಪ್ಪ ಕ್ಲಾರ್ನೆಟ್ಟಿನ ಪೆಟ್ಟಿಗೆ ಹಿಡಿದು ಡಂಗುರದ ಕಚೇರಿಗೆ ಬಂದು ಬೆಂಚಿನ ಮೇಲೆ ಕುಳಿತರು. ಸಂಪಾದಕ ಬಸನಗೌಡ ಸೊರಟೂರ ಕ್ಷಮೆ ಕೇಳಿದರು, ಚಹಾ ತರಿಸಿದರು, ಎಲ್ಲರಿಗೂ ಫೋನಿನಲ್ಲಿ ತಿಳಿಸುತ್ತೇವೆ ಎಂದರು.

"ಬಾಯಿಲೆ ಹೇಳಿದ್ರ ಯಾರು ನಂಬತಾರ್ರಿ? ಪೇಪರಿನ್ಯಾಗ ಸತ್ತೀನಿ, ಪೇಪರಿನ್ಯಾಗ ಎದ್ದು ಬರಬೇಕು," ಎಂದರು ದುರ್ಗಪ್ಪ. ಚಹಾ ಕುಡಿದರು, ಎದ್ದು ಹೋಗಲಿಲ್ಲ.

ಹುಬ್ಬಳ್ಳಿಯಿಂದ ಬಳಸಿದ ಮ್ಯಾಕೊಂದು ಬೆಳಗಿನ ಬಸ್ಸಿಗೇ ಬಂದಿತ್ತು. ಅದರಲ್ಲಿ 'ಪುಟಗಾರ' ಇರಲಿಲ್ಲ. ಪುಟ ಕಟ್ಟುವ ಫಕೀರೇಶ ಅಬ್ಬಿಗೇರಿ ಎದುರಿನ ಫೋಟೊ ಸ್ಟುಡಿಯೊಗೆ ಓಡಿದರು. ಕಚೇರಿಯ ಇಂಟರ್ನೆಟ್ಟಿಗೆ ನನ್ನನ್ನು ಎಳೆದು ತರುವ ಬಲವಿರಲಿಲ್ಲ, ಸ್ಟುಡಿಯೊದ್ದಕ್ಕಿತ್ತು. ಹೀಗೆ ನಾನು ಮೈಸೂರು ಬಿಟ್ಟು ಗದಗಿಗೆ ಬಂದೆ. ಸ್ಟುಡಿಯೊದ ಕಂಪ್ಯೂಟರು ಮ್ಯಾಕ್ ಅಲ್ಲ. ನಾನು ಏನೆಂದು ಅದಕ್ಕೆ ತಿಳಿಯದೆ, ಬಿಳಿ ಹಾಳೆಯ ಗುರುತು ಅಂಟಿಸಿ ಒಂದು ಮೂಲೆಯಲ್ಲಿ ಕೂರಿಸಿತು. ಅಲ್ಲಿಂದ ಫಕೀರೇಶ ನನ್ನನ್ನು ಪೆನ್ ಡ್ರೈವಿಗೆ ಹಾಕಿಕೊಂಡರು. ನಕಲು ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಬೆಳೆಯುತ್ತ ತುದಿಯ ಹತ್ತಿರ ಬಂದಿತ್ತು. ಅವರು ಪೆನ್ ಡ್ರೈವ್ ಕಿತ್ತುಕೊಂಡು ರಸ್ತೆ ದಾಟಿದರು.

ಸ್ಟುಡಿಯೊದಲ್ಲಿ ನಾನು ಪೂರ್ತಿ ಇದ್ದೆ. ಪೆನ್ ಡ್ರೈವಿನಲ್ಲಿ ಹೋದದ್ದಕ್ಕೆ ನನ್ನ ಹೆಸರಿತ್ತು, ನನ್ನಷ್ಟೇ ಗಾತ್ರವೂ ಕಾಣುತ್ತಿತ್ತು. ಬರೆಯಲು ಮೊದಲೇ ಜಾಗ ಹಿಡಿದಿಟ್ಟಿದ್ದರಿಂದ ಗಾತ್ರ ಸರಿ ತೋರುತ್ತಿತ್ತು, ಅಷ್ಟೇ. ಕೊನೆಯ ಭಾಗ ಬರಿದಾಗಿತ್ತು.

ಮ್ಯಾಕ್ ಅದನ್ನು ತೆರೆಯಲಿಲ್ಲ. ಡಿಸ್ಕ್ ಇಮೇಜ್ ಕೆಟ್ಟಿದೆ, ತೆರೆಯಲಾಗದು ಎಂದು ಬರೆದು ತೋರಿಸಿತು. ಆ ಯಂತ್ರದ ಬಗ್ಗೆ ನನಗೆ ಅಂದಿನಿಂದಲೂ ಗೌರವ. ತನ್ನ ಮುಂದೆ ಬಂದದ್ದನ್ನು ಮೊದಲು ಪರೀಕ್ಷಿಸಿತು, ಸಂದೇಹ ಬಂದಾಗ ನಿಂತಿತು, ಕಾರಣವನ್ನೂ ಹೇಳಿತು. ಆದರೆ ಅವಸರದಲ್ಲಿರುವವರು ಕಾರಣ ಓದುವುದಿಲ್ಲ. ಫಕೀರೇಶ 'ಸರಿ' ಒತ್ತಿ ಆ ಮಾತನ್ನು ಮುಚ್ಚಿದರು. ಯಂತ್ರವನ್ನು ಆರಿಸಿ ಹಚ್ಚಿದರು. ಮತ್ತೆ ಅದೇ ಮಾತು, ಮತ್ತೆ 'ಸರಿ'. ಹುಬ್ಬಳ್ಳಿಯ ಮಾಲು ಹೀಗೇ ಎಂದು ಬೈದರು. ಸಂಪಾದಕರು ಬಂದು, ಮ್ಯಾಕಿನ ಭದ್ರತೆಯ ಬಿಗಿ ಹೆಚ್ಚಾಗಿರಬೇಕು, ಅದನ್ನೇ ತೆಗೆದುಹಾಕು ಎಂದು ಸಲಹೆ ಕೊಟ್ಟರು. ಅಷ್ಟರಲ್ಲಿ ಹನ್ನೆರಡು ಹೊಡೆಯಿತು.

ಫಕೀರೇಶ ಮೈಸೂರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ವಸುಧಾ ಎಲ್ಲವನ್ನೂ ಕೇಳಿಸಿಕೊಂಡು, ಪರದೆಯ ಮೇಲೆ ಬಂದ ಮಾತನ್ನು ಒಂದಕ್ಷರ ಬಿಡದೆ ಓದಲು ಹೇಳಿದರು. ಓದಿದರು. ಭದ್ರತೆ ತೆಗೆಯುವ ಪ್ರಸ್ತಾಪ ಬಂದಾಗ ವಸುಧಾ ತಡೆದರು.

"ಬೇಡ ಸರ್. ಕಾವಲುಗಾರನ್ನ ಮನೆಗೆ ಕಳ್ಸೋಕ್ಕೆ ಮುಂಚೆ, ಬಾಗಿಲಲ್ಲಿ ನಿಂತಿರೋದು ಯಾರು ಅಂತ ನೋಡೋಣ."

ಫೈಲು ಅದೇ, ಹೆಸರು ಸರಿಯಾಗಿದೆ, ಗಾತ್ರವೂ ಸರಿಯಾಗಿದೆ ಎಂದರು ಫಕೀರೇಶ.

ಆಗ ಪಕ್ಕದ ಮೇಜಿನಿಂದ ದಾವಲಸಾಬ ನದಾಫ ಬಾಯಿ ಬಿಟ್ಟರು. "ನಿನ್ನೆ ಪೇಪರಿನ್ಯಾಗೂ ಹೆಸರು ಕರೆಕ್ಟ್ ಇತ್ತು, ತಮ್ಮಾ."

ಬೆಂಚಿನಿಂದ ದುರ್ಗಪ್ಪ ಸೇರಿಸಿದರು: "ಹೆಸರೂ ನಂದ, ಅಡ್ಡಹೆಸರೂ ನಂದ. ಸತ್ತಾಂವ ಮಾತ್ರ ನಾ ಅಲ್ಲ."

ದಾವಲಸಾಬ ಮತ್ತು ನೀಲವ್ವ ಹೊಂಬಳ ಡಂಗುರದ ಕರಡು ತಿದ್ದುವವರು. ಅವರ ರೀತಿ ಹಳೆಯದು. ನೀಲವ್ವ ಮೂಲ ಹಿಡಿದು ಗಟ್ಟಿಯಾಗಿ ಓದುತ್ತಾರೆ, ಅಲ್ಪವಿರಾಮವನ್ನೂ ಬಾಯಲ್ಲಿ ಹೇಳುತ್ತಾರೆ. ದಾವಲಸಾಬ ಅಚ್ಚಾದ ಕರಡಿನ ಮೇಲೆ ಸೀಸದ ಕಡ್ಡಿ ಓಡಿಸುತ್ತಾರೆ. ಪರೀಕ್ಷೆಯ ನೋಂದಣಿ ಸಂಖ್ಯೆಗಳ ಪುಟಗಳನ್ನು ಹೀಗೆ ಓದಿ ಒಂದೂ ತಪ್ಪಿಲ್ಲದೆ ಕೊಟ್ಟವರು ಅವರು. ಬುಧವಾರದ ನಿಧನ ವಾರ್ತೆಯಲ್ಲೂ ಅಕ್ಷರದ ತಪ್ಪಿರಲಿಲ್ಲ. ಫೋಟೊ ಓದುವ ಪದ್ಧತಿ ಮಾತ್ರ ಇರಲಿಲ್ಲ. ಅದು ಇಬ್ಬರನ್ನೂ ರಾತ್ರಿಯೆಲ್ಲ ಕೊರೆದಿತ್ತು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ವಸುಧಾ ಚೆಕ್‌ಸಮ್ ತೆಗೆಯುವ ಆಜ್ಞೆಯನ್ನು ಹೇಳಿಕೊಟ್ಟರು. ಫಕೀರೇಶ ಅದನ್ನು ಮ್ಯಾಕಿನಲ್ಲಿ ಬರೆದರು. ಕಪ್ಪು ಪರದೆಯ ಮೇಲೆ ಅರವತ್ನಾಲ್ಕು ಸ್ಥಾನಗಳ ಸಾಲು ಬಂತು. ಮೈಸೂರಿನಲ್ಲಿರುವ ಸಾಲನ್ನು ವಸುಧಾ ಓದಬೇಕು, ಗದಗಿನದರ ಜೊತೆ ತಾಳೆ ನೋಡಬೇಕು. ಫಕೀರೇಶ ಕುರ್ಚಿ ಬಿಟ್ಟು ಎದ್ದರು. ದಾವಲಸಾಬ ಕನ್ನಡಕ ಏರಿಸಿ ಕುಳಿತರು. ನೀಲವ್ವ ಫೋನಿನ ಬಳಿ ನಿಂತರು.

ಮೊದಲ ಅಕ್ಷರವೇ ತಾಳೆಯಾಗಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ.

"ಇದು ಅಚ್ಚಿನ ತಪ್ಪಲ್ಲ, ನೀಲಕ್ಕ. ಇದು ಬ್ಯಾರೆ ಮ್ಯಾಟರ್," ಎಂದರು ದಾವಲಸಾಬ.

ಹೇಗೆ ನಕಲು ಮಾಡಿದಿರಿ ಎಂದು ವಸುಧಾ ಕೇಳಿದರು. ಫಕೀರೇಶ ಸ್ಟುಡಿಯೊ, ಪೆನ್ ಡ್ರೈವು, ಹಸಿರು ಪಟ್ಟಿ ಎಲ್ಲ ಹೇಳಿ, ಪಟ್ಟಿ ತುದಿ ಮುಟ್ಟಿತ್ತು ಎಂದರು.

"ಮುಟ್ಟಿತ್ತಾ, ಮುಟ್ಟೋ ಹಾಗಿತ್ತಾ?"

ಫಕೀರೇಶ ಪೆನ್ ಡ್ರೈವ್ ಕಿಸೆಗೆ ಹಾಕಿಕೊಂಡು ಮತ್ತೆ ರಸ್ತೆ ದಾಟಿದರು.

ಈ ಸಲ ಅವರು ಪಟ್ಟಿ ಮುಗಿಯುವವರೆಗೆ ಕೈಕಟ್ಟಿ ನಿಂತರು. ಎಜೆಕ್ಟ್ ಒತ್ತಿದರು. ಈಗ ತೆಗೆಯಬಹುದು ಎಂದು ಕಂಪ್ಯೂಟರು ಹೇಳಿದ ಮೇಲೆ ತೆಗೆದರು. ಹೀಗೆ ನಾನು ಪೂರ್ತಿಯಾಗಿ ಡಂಗುರದ ಕಚೇರಿಗೆ ಬಂದೆ. ಸ್ಟುಡಿಯೊದಲ್ಲಿ ಉಳಿದದ್ದೂ ನಾನೇ, ಬಂದದ್ದೂ ನಾನೇ.

ಆದರೂ ನನ್ನನ್ನು ಕೂಡಲೇ ತೆರೆಯಲು ನೀಲವ್ವ ಬಿಡಲಿಲ್ಲ. ಮೊದಲು ಓದೋಣ ಎಂದರು. ಗಡಿಯಾರ ಒಂದು ದಾಟಿತ್ತು, ಸಂಪಾದಕರು ಬಾಗಿಲಿಗೂ ಮೇಜಿಗೂ ತಿರುಗಾಡುತ್ತಿದ್ದರು. ನೀಲವ್ವ ಅವರತ್ತ ನೋಡಲಿಲ್ಲ.

ಫಕೀರೇಶ ಅದೇ ಆಜ್ಞೆಯಿಂದ ಹೊಸ ಸಾಲು ತೆಗೆದರು. ವಸುಧಾ ತಮ್ಮಲ್ಲಿದ್ದ ಸಾಲನ್ನು ನಾಲ್ಕು ನಾಲ್ಕಾಗಿ ಒಡೆದು ಓದಿದರು. ನೀಲವ್ವ ಅದನ್ನೇ ಗಟ್ಟಿಯಾಗಿ ಹೇಳಿದರು. ಫೋನಿನಲ್ಲಿ ಬಿ, ಡಿ ಒಂದೇ ರೀತಿ ಕೇಳಿಸುತ್ತಿದ್ದುದರಿಂದ ಬಿ ಎಂದರೆ ಬೆಟಗೇರಿ, ಡಿ ಎಂದರೆ ಡಂಬಳ ಎಂದು ಗೊತ್ತುಮಾಡಿಕೊಂಡರು. ಏಳು, ಒಂಬತ್ತು, ಬೆಟಗೇರಿ, ಸೊನ್ನೆ. ದಾವಲಸಾಬರ ಸೀಸದ ಕಡ್ಡಿ ಗಾಜಿಗೆ ತಾಗದಂತೆ ಪರದೆಯ ಮೇಲೆ ಸರಿಯುತ್ತಿತ್ತು. ಪ್ರತಿ ನಾಲ್ಕಕ್ಕೂ ಅವರು "ಹಾಂ" ಎನ್ನುತ್ತಿದ್ದರು. ನಾನು ಹುಟ್ಟಿದಾಗ ಯಂತ್ರವೊಂದು ಕ್ಷಣದಲ್ಲಿ ತೆಗೆದ ಸಾಲನ್ನು ಇಬ್ಬರು ಮನುಷ್ಯರು ಉಸಿರು ಹಿಡಿದು ಓದುತ್ತಿದ್ದರು. ನನ್ನನ್ನು ಅಷ್ಟು ಗೌರವದಿಂದ ಯಾರೂ ಕಂಡಿರಲಿಲ್ಲ.

ಅರ್ಧ ದಾಟಿದ ಮೇಲೆ "ಹಾಂ" ಬರಲಿಲ್ಲ.

"ತಪ್ಪೈತಿ," ಎಂದರು ದಾವಲಸಾಬ.

ಸಂಪಾದಕರು ತಿರುಗಾಟ ನಿಲ್ಲಿಸಿದರು. ಇಂದು ಪತ್ರಿಕೆ ಇಲ್ಲ ಎಂದು ಏಜೆಂಟರಿಗೆ ಹೇಳಲೋ ಎಂಬಂತೆ ಫೋನು ಕೈಗೆತ್ತಿಕೊಂಡರು. ಆಗ ಬೆಂಚಿನಿಂದ ದುರ್ಗಪ್ಪ ಕೈ ಎತ್ತಿದರು. ಓದು ಶುರುವಾದಾಗಿನಿಂದ ಅವರ ಬೆರಳು ಕ್ಲಾರ್ನೆಟ್ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತಲೇ ಇತ್ತು.

"ತಡೀರಿ. ನಡುವ ನಾಕು ಮಾತ್ರೆ ಖಾಲಿ ಹ್ವಾದವು. ಫೋನು ಉಸುರು ಬಿಟ್ಟಿತು, ಮೈಸೂರ ಅಕ್ಕಾರು ಮುಂದ ಓದಿದ್ರು."

ವಸುಧಾ ಹಿಂದೆ ಸರಿದು ಮತ್ತೆ ಓದಿದರು. ನಿಜ, ಲೈನು ಕಡಿದಾಗ ನಾಲ್ಕರ ಒಂದು ಗುಂಪು ಜಾರಿಹೋಗಿತ್ತು. ಅದನ್ನು ಸೇರಿಸಿದ ಮೇಲೆ ದಾವಲಸಾಬರ "ಹಾಂ" ಮರಳಿತು. ಕೊನೆಯ ನಾಲ್ಕರವರೆಗೂ ಬಂತು.

ಫಕೀರೇಶ ನನ್ನ ಮೇಲೆ ಎರಡು ಸಲ ಕ್ಲಿಕ್ ಮಾಡಿದರು. ಮ್ಯಾಕ್ ತನ್ನದೇ ರೀತಿಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ ನನ್ನನ್ನು ತೆರೆಯಿತು. ಕಿಟಕಿ ಮೂಡಿತು, ಬಾಣ ಕಂಡಿತು. ಹಸಿದವನು ಬುತ್ತಿಯಲ್ಲೇ ಕೈ ಹಾಕಿದಂತೆ ಅವರು ಬಾಣ ನೋಡದೆ ನನ್ನೊಳಗಿದ್ದ 'ಪುಟಗಾರ'ನನ್ನೇ ಒತ್ತಿದರು. ಅದು ತೆರೆಯಿತು. ಎಲ್ಲರೂ ಹಗುರಾದರು. ಇನ್ನು ಡಿಸ್ಕ್ ಇಮೇಜನ್ನು ಎಜೆಕ್ಟ್ ಮಾಡಿ ಮುಚ್ಚಿಬಿಡಿ ಎಂದು ವಸುಧಾ ಹೇಳಿದಾಗ ಮ್ಯಾಕ್ ಒಪ್ಪಲಿಲ್ಲ. ಇದು ಬಳಕೆಯಲ್ಲಿದೆ ಎಂದಿತು. ಈ ಸಲ ಫಕೀರೇಶ ಆ ಮಾತನ್ನು ಮುಚ್ಚಲಿಲ್ಲ. ಪೂರ್ತಿ ಓದಿ ಹೇಳಿದರು. ವಸುಧಾ ನಕ್ಕರು. ಪೆಟ್ಟಿಗೆಯೊಳಗೇ ಕುಳಿತು ಕೆಲಸ ಮಾಡುತ್ತಿದ್ದೀರಿ, ಪೆಟ್ಟಿಗೆ ಮುಚ್ಚಿದರೆ ಸಾಫ್ಟ್‌ವೇರೂ ಒಳಗೇ ಹೋಗುತ್ತದೆ ಎಂದು ವಿವರಿಸಿದರು. ಫಕೀರೇಶ ಅದನ್ನು ನಿಲ್ಲಿಸಿ, ಬಾಣ ತೋರಿಸಿದ ಫೋಲ್ಡರಿಗೆ ಎಳೆದು ಹಾಕಿ, ನನ್ನನ್ನು ಮುಚ್ಚಿ, ಅಲ್ಲಿಂದ ತೆರೆದರು. ನನ್ನ ಕೆಲಸ ಮುಗಿಯಿತು.

ಅವರ ಕೆಲಸ ಉಳಿದಿತ್ತು. ಸಂಪಾದಕರು ಬರೆದ ತಿದ್ದುಪಡಿ ನಾಲ್ಕು ಸಾಲಿನದು: ಬ್ಯಾಂಡ್ ಮಾಸ್ತರ ದುರ್ಗಪ್ಪ ಭಜಂತ್ರಿ ಕ್ಷೇಮವಾಗಿದ್ದಾರೆ, ವಿಷಾದಿಸುತ್ತೇವೆ. ನೀಲವ್ವ ಅದನ್ನು ಓದಿ ಕೆಳಗಿಟ್ಟರು.

"ತಪ್ಪು ಎರಡು ಆಗ್ಯಾವ್ರಿ ಸಾಹೇಬ್ರ. ಇದ್ದವರನ್ನ ಇಲ್ಲ ಅಂದ್ವಿ, ಅದು ಒಂದು. ಹೋದವರ ಮುಖಾನ ಬರಲಿಲ್ಲ, ಅದು ಇನ್ನೊಂದು."

ದುರ್ಗಪ್ಪ ತಲೆಯಾಡಿಸಿದರು. ತೀರಿಕೊಂಡವನ ಫೋಟೊ ಹಾಕದಿದ್ದರೆ ತನ್ನದೂ ಬೇಡ ಎಂದರು. ಬೆಟಗೇರಿಯ ಮನೆಗೆ ಫೋನು ಹೋಯಿತು. ತೀರಿಕೊಂಡವರ ಮಗ ತಂದೆಯ ಫೋಟೊ ಕಳುಹಿಸಿದರು. ಪುಟದಲ್ಲಿ ಕೂರಿಸಿದ ಮೇಲೆ ಅದನ್ನು ಫೋನಿನಲ್ಲಿ ಆ ಮಗನಿಗೇ ತೋರಿಸಿ, ಹೌದು ಇವರೇ ಎಂದು ಹೇಳಿಸಿಕೊಂಡರು. ಇನ್ನೊಂದು ಫೋಟೊದ ಕರಡನ್ನು ನೀಲವ್ವ ದುರ್ಗಪ್ಪರ ಮುಖದ ಪಕ್ಕ ಹಿಡಿದು ನಿಂತರು. ದಾವಲಸಾಬ ಕನ್ನಡಕದ ಮೇಲಿಂದ ಅತ್ತ ನೋಡಿದರು, ಇತ್ತ ನೋಡಿದರು. "ಹಾಂ," ಎಂದರು.

ಎರಡೂವರೆಗೆ ಪುಟಗಳು ಅಚ್ಚಿಗೆ ಹೋದವು.

ನನ್ನನ್ನು ಫಕೀರೇಶ ಬುಟ್ಟಿಗೆ ಎಸೆಯಲಿಲ್ಲ. ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ಮೇಜಿನ ಖಾನೆಯಲ್ಲಿಟ್ಟರು. ವರ್ಷಗಳು ಕಳೆದಿವೆ. ಆ ಮ್ಯಾಕ್ ಹೋಗಿ ಬೇರೆಯದು ಬಂದಿದೆ. ನನ್ನೊಳಗಿನ ಆವೃತ್ತಿ ಈಗ ಅದರಲ್ಲಿ ನಡೆಯುವುದಿಲ್ಲ. ನಾನು ಇಂದಿಗೂ ಪೂರ್ತಿ ಇದ್ದೇನೆ, ತಾಳೆ ನೋಡಿದರೆ ಒಂದು ಅಂಕಿಯೂ ತಪ್ಪುವುದಿಲ್ಲ. ನೋಡುವವರು ಈಗ ಯಾರೂ ಇಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ. ಹೆಸರು ನೋಡಿ ನಂಬುವುದು ಸುಲಭ. ಮೂಲದ ಪಕ್ಕದಲ್ಲಿಟ್ಟು ಕೊನೆಯ ಅಕ್ಷರದವರೆಗೆ ಓದುವುದು ಕಷ್ಟ. ಆ ಕಷ್ಟವನ್ನು ಗಡಿಯಾರ ನೋಡದೆ ಪಟ್ಟವರನ್ನು ನಾನು ಕಂಡಿದ್ದೇನೆ. ಖಾನೆಯ ಕತ್ತಲಲ್ಲಿ ಅಷ್ಟು ನೆನಪು ಸಾಕು. ಡಂಗುರದಲ್ಲಿ ಇಂದಿಗೂ ಫೋಟೊಗಳನ್ನು ಇಬ್ಬರು ಓದಿದ ಮೇಲೆಯೇ ಪುಟ ಬಿಡುತ್ತಾರೆ.

ಆ ಗುರುವಾರದ ಮುಂದಿನ ಸಂಗತಿ ಇಷ್ಟು. ಲಕ್ಕುಂಡಿಯ ಮದುವೆ ಉಳಿಯಿತು. ನರೇಗಲ್ಲಿನದು ಮರಳಿ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ದುರ್ಗಪ್ಪ ಗುರುವಾರದ ಪತ್ರಿಕೆಯ ಎರಡು ಪ್ರತಿ ಕೊಂಡು ಬೆಟಗೇರಿಗೆ ಹೋದರು. ಒಂದನ್ನು ಇನ್ನೊಬ್ಬ ದುರ್ಗಪ್ಪನ ಮಗನ ಕೈಗೆ ಕೊಟ್ಟರು. ಆಮೇಲೆ ಅಂಗಳದಲ್ಲಿ ಕುಳಿತು ಪೆಟ್ಟಿಗೆ ಬಿಚ್ಚಿ, ಅರ್ಧ ಗಂಟೆ ಕ್ಲಾರ್ನೆಟ್ ನುಡಿಸಿ, ನಡೆದುಕೊಂಡು ಮನೆಗೆ ಬಂದರು.