ತಳದ ನೀರು

ವರದಿಯ ಕೊನೆಯ ಸಾಲನ್ನು ಸಾವಿತ್ರಿ ಮೂರನೆಯ ಸಲ ಓದಿದಳು. ಲ್ಯಾಬಿನವರು ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಿದ್ದರು. ನವಜಾತ ಶಿಶುಗಳ ವಾರ್ಡಿನ ಹದಿನೇಳು ಕಡೆಯಿಂದ ಅವಳೇ ಮಾದರಿ ತೆಗೆದಿದ್ದಳು. ನಲ್ಲಿಯ ಬಾಯಿ, ಗಾಜಿನ ಪೆಟ್ಟಿಗೆಯ ಹಿಡಿ, ಸ್ಟೆಥಾಸ್ಕೋಪು, ನರ್ಸುಗಳ ಕೈ, ಡಾಕ್ಟರ ಕೈ. ಹದಿನಾರರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿರಲಿಲ್ಲ. ಹದಿನೇಳನೆಯದು ಆಕ್ಸಿಜನ್ ಬಾಟಲಿಯ ನೀರು. ಕೂಸಿನ ಮೂಗಿಗೆ ಹೋಗುವ ಗಾಳಿ ಒಣಗದಿರಲೆಂದು ಆ ನೀರಿನ ಮೂಲಕ ಗುಳುಗುಳು ಹಾದುಹೋಗುತ್ತದೆ. ಹಿಂದಿನ ಮೂರು ವಾರದಲ್ಲಿ ಸತ್ತ ಎರಡೂ ಕೂಸುಗಳ ರಕ್ತದಲ್ಲಿ ಬೆಳೆದಿದ್ದ ಕ್ರಿಮಿಯೇ ಆ ನೀರಿನಲ್ಲೂ ಬೆಳೆದಿತ್ತು.

ಬಾಟಲಿಗಳಿಗೆ ದಿನಾ ನೀರು ತುಂಬುತ್ತಿದ್ದವಳು ಆಯಾ ಶಂಕ್ರಮ್ಮ.

ಹೈದರಾಬಾದಿನ ಮಿಯಾಪುರದ ಆ ಆಸ್ಪತ್ರೆ ಮೊದಲು ಎರಡು ಮಹಡಿಯದಾಗಿತ್ತು. ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ಎದ್ದು, ಅಲ್ಲಿಯ ಕಂಪನಿಗಳು ನೌಕರರಿಗೆಲ್ಲ ವಿಮೆಯ ಕಾರ್ಡು ಕೊಡಲು ಶುರುಮಾಡಿದ ಮೇಲೆ ಐದು ಮಹಡಿಯಾಯಿತು. ವಿಮೆಯವರು ಗುಣಮಟ್ಟದ ಸರ್ಟಿಫಿಕೇಟು ಕೇಳಿದರು. ಸರ್ಟಿಫಿಕೇಟಿನವರು, ಸೋಂಕು ತಡೆಯುವುದಕ್ಕೆಂದೇ ಒಬ್ಬ ನರ್ಸು ಇರಬೇಕು ಎಂದರು. ಹದಿನೆಂಟು ವರ್ಷ ವಾರ್ಡಿನಲ್ಲಿ ನಿಂತು ದುಡಿದಿದ್ದ ಸಾವಿತ್ರಿಗೆ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಕಟ್ಟು ಚೆಕ್‌ಲಿಸ್ಟು ಕೊಟ್ಟು ಕೂರಿಸಿದರು. ಯಾರು ಕೈ ತೊಳೆದರು, ಎಷ್ಟು ಹೊತ್ತು ತೊಳೆದರು, ಉಂಗುರ ತೆಗೆದಿದ್ದರೋ ಇಲ್ಲವೋ ಎಂದು ಅವಳು ಬಾಗಿಲ ಪಕ್ಕ ನಿಂತು ಗುರುತು ಹಾಕುತ್ತಿದ್ದಳು. ಕೇರಳದ ನರ್ಸು ಹುಡುಗಿಯರು ಅವಳ ಬೆನ್ನ ಹಿಂದೆ ಸಿಐಡಿ ಎನ್ನುತ್ತಿದ್ದರು.

ಎದುರಿಗೇ ನಗೆಯಾಡುತ್ತಿದ್ದವಳು ಶಂಕ್ರಮ್ಮ ಒಬ್ಬಳೇ. ಚಿಂಚೋಳಿ ಕಡೆಯ ಹೆಂಗಸು. ಗಂಡ ಸತ್ತ ವರ್ಷ ಕಲ್ಲು ಹೊರುವ ಕೆಲಸಕ್ಕೆ ಹೈದರಾಬಾದಿಗೆ ಬಂದವಳು, ಬೆನ್ನು ಹಿಡಿದುಕೊಂಡ ಮೇಲೆ ಆಸ್ಪತ್ರೆ ಸೇರಿ ಹನ್ನೊಂದು ವರ್ಷವಾಗಿತ್ತು. ಕೂಸುಗಳೊಂದಿಗೆ ಕನ್ನಡದಲ್ಲಿ, ತಾಯಂದಿರೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದಳು, ವಾಚ್‌ಮನ್ನನೊಂದಿಗೆ ಹಿಂದಿಯಲ್ಲಿ ಜಗಳವಾಡುತ್ತಿದ್ದಳು. ಧಾರವಾಡದ ಸಾವಿತ್ರಿ ಸಿಕ್ಕರೆ ಅವಳಿಗೆ ಮಾತಿನ ಹಬ್ಬ.

"ನಮ್ಮ ಕೈ ಬರೀತೀರಿ ಅಕ್ಕೋರ. ದೀಪಕ ಡಾಕ್ಟರ್ ಕೈ ತೊಳ್ಯಾದು ನೋಡೀರೇನು? ಬೆಕ್ಕು ಮಾರಿ ತೊಳ್ಕೊಂಡಂಗ."

ಸಾವಿತ್ರಿ ನಕ್ಕು, ಅದನ್ನೂ ಬರೆದುಕೊಂಡಿದ್ದಳು. ಈಗ ವರದಿಯಲ್ಲಿ ಎಲ್ಲರ ಕೈಗಳ ಫಲಿತಾಂಶವೂ ಇತ್ತು. ಇಡೀ ವಾರ್ಡಿನಲ್ಲಿ ಎಲ್ಲಕ್ಕಿಂತ ಸ್ವಚ್ಛವಾದ ಕೈ ಶಂಕ್ರಮ್ಮನದು.

ವಾರ್ಡಿನ ಮುಖ್ಯಸ್ಥರಾದ ದೀಪಕ ಡಾಕ್ಟರು ವರದಿಯನ್ನು ಎರಡು ಸಲ ತಿರುವಿ ನೋಡಿದರು. ಅವರು ಕೆಟ್ಟವರಲ್ಲ. ಎರಡನೆಯ ಕೂಸು ಹೋದ ದಿನ ಊಟ ಬಿಟ್ಟಿದ್ದರು. ಬಾಟಲಿಗಳನ್ನೆಲ್ಲ ಆ ಗಳಿಗೆಯಲ್ಲೇ ಬದಲಿಸಲು ಹೇಳಿದರು, ತುಂಬುವ ಕೆಲಸವನ್ನು ನರ್ಸುಗಳಿಗೇ ವಹಿಸಲು ಹೇಳಿದರು. ಆಮೇಲೆ ಬಾಗಿಲು ಮುಂದೆ ಮಾಡಿ, ಈ ಸಂಗತಿ ಸೋಂಕು ತಡೆಯುವ ಕಮಿಟಿಯ ಆಚೆ ಹೋಗಬಾರದು, ಆಯಾಗಂತೂ ತಿಳಿಸುವುದೇ ಬೇಡ, ಅವಳ ಬಾಯಿ ನಿಲ್ಲುವುದಿಲ್ಲ, ಸತ್ತ ಕೂಸಿನ ಕಡೆಯವರ ಕಿವಿಗೆ ಬಿದ್ದರೆ ಆಸ್ಪತ್ರೆಯ ಗಾಜು ಉಳಿಯುವುದಿಲ್ಲ ಎಂದರು. ಅವಳನ್ನು ಬಟ್ಟೆ ಒಗೆಯುವ ಕಡೆಗೆ ಹಾಕಿದರಾಯಿತು, ಕಾರಣ ಹೇಳಬೇಕಾಗಿಲ್ಲ ಎಂದೂ ಸೇರಿಸಿದರು.

ಸಾವಿತ್ರಿ ತನ್ನ ಮೇಜಿಗೆ ಮರಳಿ ಹಳೆಯ ಚೆಕ್‌ಲಿಸ್ಟುಗಳನ್ನು ತೆಗೆದಳು. ಆಕ್ಸಿಜನ್ ಬಾಟಲಿಯ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಇಂದು ನೀರು ತುಂಬಲಾಗಿದೆಯೇ? ಪ್ರತಿ ದಿನವೂ ಹೌದು. ಪ್ರತಿ ಹೌದಿನ ಕೆಳಗೂ ಅವಳದೇ ಸಹಿ. ಹಳೆಯ ನೀರು ಚೆಲ್ಲಿದರೇ, ಬಾಟಲಿ ತೊಳೆದು ಒಣಗಿಸಿದರೇ ಎಂಬುದು ಗೋಡೆಯ ಮೇಲಿನ ಇಂಗ್ಲಿಷ್ ಹಾಳೆಯಲ್ಲಿತ್ತು. ಹೊಸಬರಿಗೆ ತೆಲುಗಿನಲ್ಲಿ ನಡೆಸಿದ ಒಂದು ತಾಸಿನ ಕ್ಲಾಸಿನಲ್ಲಿ ಒಂದು ವಾಕ್ಯವಾಗಿತ್ತು. ಚೆಕ್‌ಲಿಸ್ಟಿನಲ್ಲಿ ಮಾತ್ರ ಇರಲಿಲ್ಲ. ಅದನ್ನು ಟೈಪು ಮಾಡಿದವಳು ಅವಳೇ.

ಮರುದಿನ ಬೆಳಿಗ್ಗೆ ಅವಳು ಶಂಕ್ರಮ್ಮನನ್ನು ಸಾಮಾನಿನ ಕೋಣೆಗೆ ಕರೆದಳು. ಹಿಂದಿನ ದಿನ ವಾರ್ಡಿನಿಂದ ತೆಗೆದಿಟ್ಟಿದ್ದ ಒಂದು ಬಾಟಲಿ ತರಿಸಿ, ದಿನಾ ಹೇಗೆ ತುಂಬುತ್ತೀರಿ, ತೋರಿಸಿ ಎಂದಳು.

ಸರ್ಟಿಫಿಕೇಟಿನ ಪರೀಕ್ಷೆಗೆ ಯಾರೋ ಬಂದಿರಬೇಕೆಂದು ಶಂಕ್ರಮ್ಮ ಸೆರಗು ಸಿಕ್ಕಿಸಿಕೊಂಡಳು. ಮೊಣಕೈವರೆಗೆ ಕೈ ತೊಳೆದಳು. ಸಾವಿತ್ರಿಯೇ ಕಲಿಸಿದ ಹಾಗೆ ಬೆರಳ ಸಂದು, ಉಗುರ ತುದಿ, ಹೆಬ್ಬೆರಳ ಬುಡ. ಸೀಲು ಒಡೆದ ಡಬ್ಬಿಯಿಂದ ಶುದ್ಧ ನೀರನ್ನು ಒಂದು ಹನಿ ಹೊರಗೆ ಚೆಲ್ಲದೆ ಬಾಟಲಿಗೆ ಸುರಿದಳು. ತಳದಲ್ಲಿ ನಿನ್ನೆಯ ನೀರು ಎರಡು ಬೆರಳಷ್ಟು ಉಳಿದಿತ್ತು. ಹೊಸದು ಅದರ ಮೇಲೆ ಬಿದ್ದು ಕೂಡಿಕೊಂಡಿತು.

"ತಳದಾಗಿಂದು ಚೆಲ್ಲಂಗಿಲ್ಲೇನು?" ಸಾವಿತ್ರಿ ಕೇಳಿದಳು.

"ಬರಿದ ಮಾಡಬಾರ್ದಲ್ರಿ," ಎಂದಳು ಶಂಕ್ರಮ್ಮ, ಸಣ್ಣ ಹುಡುಗಿಗೆ ತಿಳಿಹೇಳುವ ಹಾಗೆ. "ನೀರಿನ ಕೊಡ ಯಾವತ್ತೂ ತಳ ಕಾಣಬಾರ್ದು. ಒಂದೀಟು ಗಂಗವ್ವ ಇರ್ಬೇಕು, ಅದರ ಮ್ಯಾಲ ಹೊಸಾ ನೀರು. ನಮ್ಮ ಮನಿಯಾಗ ಅತ್ತಿ ಹಂಗ ಕಲಿಸ್ಯಾಳ. ಸಿಸ್ಟರೂ ಅದನ್ನ ಅಂದ್ರು, ನೀರು ಮುಗಿಯಾಕ ಬಿಡಬ್ಯಾಡ ಶಂಕ್ರಮ್ಮ ಅಂತ. ಒಂದ ದಿನಾನೂ ಬಿಟ್ಟಿಲ್ಲರಿ ನಾ."

ಸಾವಿತ್ರಿಯ ಧಾರವಾಡದ ಮನೆಯಲ್ಲೂ ತಾಮ್ರದ ಹಂಡೆಯ ತಳ ಯಾರೂ ಕಂಡಿರಲಿಲ್ಲ. ಅವಳು ಸ್ಟೂಲು ಎಳೆದು, ಶಂಕ್ರಮ್ಮನನ್ನು ಕುಳಿತುಕೊಳ್ಳಲು ಹೇಳಿದಳು. ಶಂಕ್ರಮ್ಮ ಕೂರಲಿಲ್ಲ. ಹನ್ನೊಂದು ವರ್ಷದಲ್ಲಿ ಆಸ್ಪತ್ರೆಯಲ್ಲಿ ಯಾರೂ ಅವಳಿಗೆ ಕೂರಲು ಹೇಳಿರಲಿಲ್ಲ. ಅದರಿಂದಲೇ ಅವಳಿಗೆ ಏನೋ ಅನುಮಾನ ಬಂದಂತಿತ್ತು.

ಹೇಳದೆ ಬಟ್ಟೆಯ ಕೋಣೆಗೆ ಕಳಿಸಿಬಿಡುವುದು ಸುಲಭವಿತ್ತು. ಆದರೆ ಈ ಕೈ ನಾಳೆ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಂದು ಬಾಟಲಿ ತುಂಬುತ್ತದೆ, ಇಷ್ಟೇ ಅಕ್ಕರೆಯಿಂದ. ಸಾವಿತ್ರಿ ನಿಧಾನವಾಗಿ ಹೇಳತೊಡಗಿದಳು. ನಿಂತ ನೀರು, ಅದರಲ್ಲಿ ಬೆಳೆಯುವ ಕ್ರಿಮಿ, ತೊಳೆಯದ ತಳಕ್ಕೆ ಅದು ಪಾಚಿಯ ಹಾಗೆ ಅಂಟಿಕೊಳ್ಳುವುದು, ಮೇಲೆ ಎಷ್ಟು ಶುದ್ಧ ನೀರು ಹಾಕಿದರೂ ಅದು ಸಾಯದಿರುವುದು, ಗಾಳಿಯೊಂದಿಗೆ ಎದ್ದು ಕೂಸಿನ ಎದೆಗೆ ಇಳಿಯುವುದು. ಚೆಕ್‌ಲಿಸ್ಟಿನಲ್ಲಿ ಕೇಳಬೇಕಾದ್ದನ್ನು ತಾನು ಕೇಳಲಿಲ್ಲ, ಕ್ಲಾಸನ್ನು ಕನ್ನಡದಲ್ಲಿ ಹೇಳಲಿಲ್ಲ, ತಪ್ಪು ತನ್ನದು ಮೊದಲು ಎಂದಳು. ಹೇಳುತ್ತ ಹೇಳುತ್ತ ತನ್ನ ಧ್ವನಿ ಕ್ಲಾಸಿನ ಧ್ವನಿಯಾಗುತ್ತಿರುವುದು ಅವಳಿಗೇ ಕೇಳಿಸಿತು.

ಶಂಕ್ರಮ್ಮ ಬಾಟಲಿಯನ್ನೇ ನೋಡುತ್ತಿದ್ದಳು.

"ಈಗ ಒಳಗ ಮಲಗ್ಯಾವಲ್ಲ, ಆ ಕೂಸಗೋಳು?"

"ನಿನ್ನೆನ ಬಾಟ್ಲಿ ಬದಲಿ ಮಾಡೀವಿ. ಅವು ಆರಾಮ ಅದಾವ."

"ಭಾಗ್ಯಶ್ರೀ ಕೂಸು?"

ಭಾಗ್ಯಶ್ರೀ ಗುರುಮಿಠಕಲ್ ಕಡೆಯ ಹುಡುಗಿ. ಗಂಡ ಚಂದ್ರಾಮನ ಜೊತೆ ಕೊಂಡಾಪುರದ ಒಂದು ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಏಳು ತಿಂಗಳಿಗೇ ಹೆತ್ತಿದ್ದಳು. ಹೆಣ್ಣು ಕೂಸು, ಒಂದು ಕಿಲೋ ಇನ್ನೂರು ಗ್ರಾಂ. ಹನ್ನೆರಡು ದಿನ ಬದುಕಿತ್ತು. ಆ ಹನ್ನೆರಡೂ ದಿನ ಶಂಕ್ರಮ್ಮ ತನ್ನ ಪಾಳಿ ಮುಗಿದ ಮೇಲೂ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು, ನಮ್ಮ ಕಡೆಯ ಕೂಸು ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಕೊನೆಗೆ ಅದನ್ನು ಬಿಸಿನೀರಿನಲ್ಲಿ ಒರೆಸಿ, ಬಿಳಿ ಬಟ್ಟೆ ಸುತ್ತಿ ತಾಯಿಯ ಕೈಗೆ ಕೊಟ್ಟವಳೂ ಅವಳೇ.

"ಏಳು ತಿಂಗಳ ಕೂಸು ಶಂಕ್ರಮ್ಮ. ಹೆಂಗೂ ಕಷ್ಟಾನ ಇತ್ತು."

"ಅದನ್ನ ಕೇಳಲಿಲ್ಲರಿ ನಾ."

"ಹೌದು," ಎಂದಳು ಸಾವಿತ್ರಿ. "ಅದರ ರಕ್ತದಾಗೂ ಅದ ಇತ್ತು."

ಶಂಕ್ರಮ್ಮ ಅಳಲಿಲ್ಲ. ಇನ್ನು ಹೇಗೆ ಮಾಡಬೇಕು, ತೋರಿಸಿ ಎಂದಳು. ಸಾವಿತ್ರಿ ತೋರಿಸಿದಳು. ನೀರನ್ನು ಪೂರ್ತಿ ಚೆಲ್ಲುವುದು, ಸೋಪಿನಿಂದ ತೊಳೆಯುವುದು, ಔಷಧಿಯಲ್ಲಿ ನೆನೆಸುವುದು, ಶುದ್ಧ ನೀರಿನಲ್ಲಿ ಜಾಲಿಸುವುದು, ತಲೆಕೆಳಗಾಗಿ ಒಣಗಿಸುವುದು. ಶಂಕ್ರಮ್ಮ ಬಾಟಲಿ ಬಗ್ಗಿಸಿದಳು. ಕೊನೆಯ ಎರಡು ಬೆರಳಷ್ಟು ನೀರಿಗೆ ಬಂದಾಗ ಅವಳ ಕೈ ತನ್ನಷ್ಟಕ್ಕೆ ನಿಂತಿತು. ಆಮೇಲೆ ಅದನ್ನೂ ಚೆಲ್ಲಿದಳು.

ಅವಳನ್ನು ಬಟ್ಟೆಯ ಕೋಣೆಗೆ ಹಾಕಲು ಸಾವಿತ್ರಿ ಒಪ್ಪಲಿಲ್ಲ. ನರ್ಸುಗಳ ಎದುರಿಗೆ ಬಾಟಲಿಗಳನ್ನು ಅವಳೇ ತೊಳೆದು ಒಣಗಿಸಲಿ, ತಪ್ಪು ತಿಳಿದ ಕೈ ಇನ್ನೊಮ್ಮೆ ತಪ್ಪುವುದಿಲ್ಲ ಎಂದು ಡಾಕ್ಟರೊಂದಿಗೆ ವಾದಿಸಿದಳು. ತಿಳಿಸಿದ್ದಕ್ಕೆ ಡಾಕ್ಟರು ಸಿಟ್ಟಾದರು, ಆಮೇಲೆ ಒಪ್ಪಿದರು. ಅವಳ ಬಾಯಿಗೆ ನೀನೇ ಜವಾಬ್ದಾರಿ ಎಂದು ಮಾತ್ರ ಹೇಳಿದರು.

ಬಾಯಿಯ ಭಯವೇ ಇರಲಿಲ್ಲ. ಶಂಕ್ರಮ್ಮ ಮಾತು ಬಿಟ್ಟಿದ್ದಳು. ಕೂಸುಗಳೊಂದಿಗೂ ಮಾತಿಲ್ಲ, ವಾಚ್‌ಮನ್ನನೊಂದಿಗೆ ಜಗಳವೂ ಇಲ್ಲ. ಕೈ ತೊಳೆಯುವುದು ಮಾತ್ರ ಹೆಚ್ಚಾಗಿತ್ತು. ನಾಲ್ಕನೆಯ ದಿನಕ್ಕೆ ಬೆರಳ ಗೆಣ್ಣುಗಳಲ್ಲಿ ಚರ್ಮ ಬಿರಿದು ಕೆಂಪಾಗಿದ್ದನ್ನು ಕಂಡು, ಒಡೆದ ಚರ್ಮದಲ್ಲೇ ಕ್ರಿಮಿ ಸೇರುತ್ತವೆ, ಅಷ್ಟು ತೊಳೆಯಬೇಡಿ ಎಂದು ಸಾವಿತ್ರಿ ಮುಲಾಮು ಕೊಟ್ಟಳು. ಶಂಕ್ರಮ್ಮ ಅದನ್ನು ತೆಗೆದುಕೊಂಡು ಕಿಟಕಿಯ ಮೇಲಿಟ್ಟಳು.

ಆ ದಿನ ಮಧ್ಯಾಹ್ನವೇ ಭಾಗ್ಯಶ್ರೀ ಬಂದಳು. ಮರಣದ ಕಾಗದ ಒಯ್ಯಲು ಬಂದಿದ್ದಳು. ಚಂದ್ರಾಮನಿಗೆ ರಜೆ ಸಿಕ್ಕಿರಲಿಲ್ಲ. ಕೆಳಗಿನ ಕೌಂಟರಿನಲ್ಲಿ ಕೆಲಸ ಮುಗಿಸಿ, ಕೇಳಿಕೊಂಡು ಮೂರನೆಯ ಮಹಡಿ ಹತ್ತಿ ವಾರ್ಡಿನ ಬಾಗಿಲಿನ ಕೆಂಪು ಗೆರೆಯ ಆಚೆಯೇ ನಿಂತಳು. ಒಳಗೆ ಬರಬಾರದೆಂಬುದು ಆ ಹನ್ನೆರಡು ದಿನದಲ್ಲಿ ಅವಳಿಗೆ ರೂಢಿಯಾಗಿತ್ತು. ರವಿಕೆಯ ಎದೆ ಇನ್ನೂ ಒದ್ದೆಯಾಗುತ್ತಿತ್ತೆಂದು ಕಾಣುತ್ತದೆ, ಸೆರಗನ್ನು ಎರಡು ಸುತ್ತು ಹೊದ್ದಿದ್ದಳು. ಕೈಯಲ್ಲಿ ಒಂದು ಗಂಟು.

"ಆಯಿ, ನಿಮಗ ರೊಟ್ಟಿ ತಂದೀನಿ," ಎಂದಳು. "ಊರ ಕಡಿ ರೊಟ್ಟಿ ತಿಂದು ಭಾಳ ದಿನ ಆತು ಅಂದಿದ್ರಿ. ಶೆಡ್ಡಿನಾಗ ಒಲಿ ಸುಮಾರ ಐತಿ, ಸ್ವಲ್ಪ ಹೊತ್ತ್ಯಾವ."

ಶಂಕ್ರಮ್ಮ ಗೆರೆಯ ಈಚೆ ನಿಂತಿದ್ದಳು. ಕೈ ಮುಂದೆ ಮಾಡಲಿಲ್ಲ. ಭಾಗ್ಯಶ್ರೀ ಗಂಟನ್ನು ಇನ್ನಷ್ಟು ಮುಂದೆ ಚಾಚಿದಳು.

"ತಗೋರಿ ಆಯಿ. ಯಾರೂ ಇಲ್ದ ಊರಾಗ ನನ್ನ ಕೂಸು ನಿಮ್ಮ ಕೈಯಾಗ ಹೋತು. ನಮ್ಮ ಅವ್ವಗೂ ಫೋನ್ ಮಾಡಿ ಅದನ್ನ ಹೇಳೀನಿ."

ಸಾವಿತ್ರಿ ತನ್ನ ಮೇಜಿನಿಂದ ಎದ್ದು ಬಂದಿದ್ದಳು. ಶಂಕ್ರಮ್ಮ ತಿರುಗಿ ಅವಳ ಮುಖ ನೋಡಿದಳು. ಅಪ್ಪಣೆ ಕೇಳುವ ನೋಟವಾಗಿರಲಿಲ್ಲ ಅದು. ಸಾವಿತ್ರಿಗೆ ಕಮಿಟಿ ನೆನಪಾಯಿತು, ಡಾಕ್ಟರು ಹೇಳಿದ ಜವಾಬ್ದಾರಿಯ ಮಾತು ನೆನಪಾಯಿತು. ಮಗನ ಕಾಲೇಜು ಮುಗಿಯಲು ಇನ್ನೂ ಎರಡು ವರ್ಷವಿತ್ತು, ಅಲ್ಲಿಯವರೆಗೆ ಈ ಸಂಬಳ ಬೇಕಿತ್ತು. ಅವಳು ಬಾಗಿಲಿನ ಹಿಡಿಯನ್ನು ಹಿಡಿದುಕೊಂಡಳು.

"ನಾನೂ ಬರ್ತೀನಿ ಶಂಕ್ರಮ್ಮ," ಎಂದಳು ಕೊನೆಗೆ, ಮೆಲ್ಲಗೆ.

"ಬ್ಯಾಡ್ರಿ ಅಕ್ಕೋರ. ಇಂಗ್ಲಿಷಿನಾಗ ಇದ್ದದ್ದನ್ನ ನೀವು ನನಗ ಹೇಳಿದ್ರಿ. ಇದನ್ನ ನಾ ಹೇಳ್ತೀನಿ."

ಅವಳು ಗೆರೆ ದಾಟಿ ಚಪ್ಪಲಿ ಮೆಟ್ಟಿಕೊಂಡಳು. "ನಡಿ ನನ್ನವ್ವ, ಬಸ್ಸಿನ ತನಕ ಬರ್ತೀನಿ," ಎಂದು ಭಾಗ್ಯಶ್ರೀಯ ಮುಂದಾಗಿ ಮೆಟ್ಟಿಲಿಳಿದಳು. ಹುಡುಗಿ ಗಂಟನ್ನು ಎದೆಗೊತ್ತಿಕೊಂಡು, ಏನೂ ತಿಳಿಯದೆ ಹಿಂಬಾಲಿಸಿದಳು.

ಸಾವಿತ್ರಿ ಕಾರಿಡಾರಿನ ಕೊನೆಯ ಕಿಟಕಿಗೆ ಹೋದಳು. ಎಸಿಯ ತಂಪು ಹೋಗಬಾರದೆಂದು ಆ ಗಾಜನ್ನು ಕಾಯಂ ಮುಚ್ಚಿಬಿಟ್ಟಿದ್ದರು. ಕೆಳಗೆ ಹೆದ್ದಾರಿ, ಪಟಾನ್‌ಚೆರುವಿನ ಕಡೆಯಿಂದ ಬರುವ ಲಾರಿಗಳು, ಕಂಪನಿಗಳ ಬಿಳಿ ಸುಮೋಗಳು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ರಸ್ತೆ ದಾಟಿ ಬಸ್‌ಸ್ಟಾಪಿನ ಬೇವಿನ ಗಿಡದ ಕೆಳಗೆ ನಿಂತದ್ದು ಕಾಣಿಸಿತು. ಶಂಕ್ರಮ್ಮ ಮಾತಾಡುತ್ತಿದ್ದಳು. ಕೈ ಆಡಿಸದೆ ಅವಳು ಮಾತಾಡಿದ್ದನ್ನು ಸಾವಿತ್ರಿ ಎಂದೂ ಕಂಡಿರಲಿಲ್ಲ.

ಕೊಂಡಾಪುರದ ಬಸ್ಸು ಬಂತು, ನಿಂತಿತು, ಹೋಯಿತು. ಭಾಗ್ಯಶ್ರೀ ಹತ್ತಲಿಲ್ಲ. ಅವಳ ಮುಖ ಕಾಣುತ್ತಿರಲಿಲ್ಲ, ತಲೆಯ ಮೇಲಿನ ಸೆರಗಷ್ಟೇ ಕಾಣುತ್ತಿತ್ತು. ನಿಂತವಳು ಹಾಗೆಯೇ ರಸ್ತೆಯ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತಳು. ಶಂಕ್ರಮ್ಮ ಅವಳನ್ನು ಹಿಡಿಯಲು ಬಗ್ಗಿದಳು, ಹಿಡಿಯದೆ ನಿಂತಳು.

ಎರಡನೆಯ ಬಸ್ಸು ಬಂದು ಇಬ್ಬರನ್ನೂ ಮರೆಮಾಡಿತು. ಜನ ಇಳಿದರು, ಜನ ಹತ್ತಿದರು. ಹಣೆಯನ್ನು ಗಾಜಿಗೆ ಒತ್ತಿಕೊಂಡು ಸಾವಿತ್ರಿ ಬಸ್ಸು ಸರಿಯುವುದನ್ನು ಕಾದಳು. ಅದು ಸರಿದಾಗ ಧೂಳಿನ ಆಚೆ ಶಂಕ್ರಮ್ಮನೂ ಅದೇ ಕಲ್ಲಿನ ಮೇಲೆ, ಹುಡುಗಿಯಿಂದ ಒಂದು ಗೇಣು ಬಿಟ್ಟು, ಬಿಸಿಲಿನಲ್ಲಿ ಕೂತಿದ್ದಳು.